ಮಧುಮೇಹ ಜಾಗೃತಿಗೆ ಸಕ್ಕರೆ ನೀರಿನ ಸತ್ಕಾರ

ಮಾನ್ಯರೇ,

ಭಾನುವಾರದ ಮಧುಮೇಹ ಜಾಗೃತಿ ನಡಿಗೆ ‘ಅಭೂತಪೂರ್ವ ಯಶಸ್ಸು’ ಕಂಡಿತಂತೆ. ನಿಮ್ಮ ನಿನ್ನೆಯ ಸಂಚಿಕೆಯಲ್ಲಿ ಓದಿದೆ. ಬಾವುಟ ಬೀಸುತ್ತಿರುವ ಗಣ್ಯರ ಫೋಟೊ ಬಹಳ ಚೆನ್ನಾಗಿ ಬಂದಿದೆ. ಆದರೆ ಅವರ ತಲೆಯ ಮೇಲಿದ್ದ ಆ ದೊಡ್ಡ ಕಮಾನು ಯಾರದ್ದೆಂಬುದು ವರದಿಯಲ್ಲೂ ಇಲ್ಲ, ಫೋಟೊದಲ್ಲೂ ಇಲ್ಲ. ಅಲ್ಲಿದ್ದವರಿಗೆಲ್ಲ ಗೊತ್ತು, ಅದು ತಂಪು ಪಾನೀಯದ ಕಂಪನಿಯೊಂದರದ್ದು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14ರಂದು, ಅದಕ್ಕೇ ಅದು ವಿಶ್ವ ಮಧುಮೇಹ ದಿನ. ವೇದಿಕೆಯ ಮೇಲೆ ಆ ಮಹನೀಯರ ಭಾವಚಿತ್ರ, ಅದರ ಮುಂದೆಯೇ ಸಾಲಾಗಿ ಬಾಟಲಿಗಳು. ನೋಡಲು ಅವರು ಬದುಕಿಲ್ಲ, ಪುಣ್ಯವಂತರು.

ನಡಿಗೆ ಮುಗಿಸಿ ಬಂದವರಿಗೆ ಕುಡಿಯಲು ನೀರಿರಲಿಲ್ಲ. ಡ್ರಮ್ ಇತ್ತು, ನಲ್ಲಿ ತಿರುಗಿಸಿದರೆ ಬರೀ ಗಾಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ನನ್ನ ತಾಯಿ ನೀರು ಕೇಳಿದರೆ, ಸ್ವಯಂಸೇವಕ ಹುಡುಗನೊಬ್ಬ ‘ಇದೂ ನೀರೇ ಅಜ್ಜಿ, ತಣ್ಣಗಿದೆ, ಕುಡೀರಿ’ ಎಂದು ಬಾಟಲಿ ಮುಂದೆ ಹಿಡಿದ. ಅವನನ್ನು ಬೈದು ಏನು ಪ್ರಯೋಜನ? ಅವನಿಗೆ ಹೇಳಿಕೊಡಬೇಕಾದವರು ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುತ್ತಿದ್ದರು. ಹೊರಗೆ ಹೋಗಿ ನೀರು ತರೋಣವೆಂದರೆ ನನ್ನ ಸ್ಕೂಟರಿಗೆ ಅಡ್ಡಲಾಗಿ ಅದೇ ಕಂಪನಿಯ ಲಾರಿ, ಡ್ರೈವರ್ ನಾಪತ್ತೆ. ಇದರ ಜೊತೆಗೆ ಉಚಿತ ರಕ್ತ ಪರೀಕ್ಷೆ ಬೇರೆ. ಅರ್ಧ ಕುಡಿದ ಬಾಟಲಿ ಹಿಡಿದುಕೊಂಡೇ ಜನ ಸಕ್ಕರೆ ಪರೀಕ್ಷೆಯ ಸಾಲಿನಲ್ಲಿ ನಿಂತಿದ್ದರು! ಸಿಹಿ ಕುಡಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ರಕ್ತದ ಸಕ್ಕರೆ ಏರುವುದು ಯಾರಿಗಾದರೂ ಸಹಜ. ‘ಈಗಷ್ಟೇ ಏನು ಕುಡಿದಿರಿ?’ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಸರದಿ ಬರುವಷ್ಟರಲ್ಲಿ ಸ್ಟ್ರಿಪ್ ಖಾಲಿ.

‘ಇಷ್ಟು ದೂರ ನಡೆದಿದ್ದೀರಿ, ಒಂದು ಬಾಟಲಿ ಕುಡಿದರೆ ಏನೂ ಆಗಲ್ಲ’ ಎಂದು ಮೈಕಿನಲ್ಲಿ ಅಪ್ಪಣೆ ಕೊಡಿಸಿದ ಅಧಿಕಾರಿಗಳು ಬಾಟಲಿಯ ಹಿಂಬದಿಯ ಸಣ್ಣಕ್ಷರ ಓದಿದ್ದರೆ ಚೆನ್ನಾಗಿತ್ತು. 330 ಮಿಲಿಲೀಟರ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಎಂಟು ಒಂಬತ್ತು ಟೀ ಚಮಚ. ಮೇಲಿನಿಂದ ಬೆರೆಸಿದ ಇಂಥ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಆ ಶೇ 5 ಎಂದರೆ ವಯಸ್ಕರಿಗೆ ಹೆಚ್ಚುಕಡಿಮೆ 25 ಗ್ರಾಂ. ಒಂದೇ ಬಾಟಲಿಗೆ ದಿನದ ಲೆಕ್ಕ ದಾಟಿತು. ನಡೆದು ಕರಗಿಸಿದ್ದು ಕಮಾನಿನ ಕೆಳಗೇ ವಾಪಸ್ ಬಂತು.

ನನ್ನ ಮಗ ಎರಡು ಬಾಟಲಿ ಕುಡಿದ. ಮನೆಗೆ ಬಂದು ಊಟವನ್ನಾದರೂ ಕಡಿಮೆ ಮಾಡಿದನೇ? ಒಂದು ತುತ್ತೂ ಇಲ್ಲ. ಇದು ಅವನೊಬ್ಬನ ಹೊಟ್ಟೆಬಾಕತನವಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಹದಿನೈದು ಜನರಿಗೆ ದಿನಕ್ಕೆ 450 ಕ್ಯಾಲೊರಿಯನ್ನು ನಾಲ್ಕು ವಾರ ಮಿಠಾಯಿಯಾಗಿ, ಇನ್ನು ನಾಲ್ಕು ವಾರ ಸೋಡಾ ಪಾನೀಯವಾಗಿ ಕೊಟ್ಟು ನೋಡಿದರು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು. ಮಿಠಾಯಿ ತಿಂದಾಗ ಜನ ತಾವಾಗಿಯೇ ಬೇರೆ ಆಹಾರ ಕಡಿಮೆ ಮಾಡಿಕೊಂಡರು. ಕುಡಿದಾಗ ಮಾಡಿಕೊಳ್ಳಲಿಲ್ಲ, ತೂಕ ಏರಿತು. ಅಗಿಯುವ ಕೆಲಸವಿಲ್ಲ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಹಿತ್ತಲ ಬಾಗಿಲಿನಿಂದ ಬಂದು ಉಂಡು ಹೋದ ನೆಂಟನ ಹಾಗೆ, ಮನೆಯ ಯಜಮಾನನಿಗೆ ಸುದ್ದಿಯೇ ಇಲ್ಲ.

ಮೆದುಳಿನ ಕಥೆಯೂ ಅಷ್ಟೇ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಹಸಿವನ್ನು ನಿಯಂತ್ರಿಸುವ ಹೈಪೊಥಲಾಮಸ್ ಎಂಬ ಭಾಗವನ್ನು ಯೇಲ್ ವಿಶ್ವವಿದ್ಯಾಲಯದವರು ಸ್ಕ್ಯಾನ್ ಮಾಡಿ ನೋಡಿದಾಗ, ಗ್ಲೂಕೋಸ್ ಕುಡಿದವರಲ್ಲಿ ಅಲ್ಲಿನ ರಕ್ತದ ಹರಿವು ತಗ್ಗಿತು, ಹೊಟ್ಟೆ ತುಂಬಿದ ಭಾವನೆಯೂ ಬಂತು. ಫ್ರಕ್ಟೋಸ್ ಕುಡಿದಾಗ ಹಾಗಾಗಲಿಲ್ಲ. ಇದು 2013ರ ಮಾತು. ಈ ಫ್ರಕ್ಟೋಸಿನ ಬಹುಪಾಲು ನೇರ ಯಕೃತ್ತಿಗೆ ಹೋಗುತ್ತದೆ, ಅತಿಯಾದರೆ ಅಲ್ಲೇ ಕೊಬ್ಬಾಗಿ ಕೂರುತ್ತದೆ. ಮದ್ಯ ಮುಟ್ಟದವರಿಗೂ ‘ಫ್ಯಾಟಿ ಲಿವರ್’ ಎಂದು ವೈದ್ಯರು ಬರೆದುಕೊಡುವುದಕ್ಕೆ ಇದೂ ಒಂದು ಕಾರಣ. ನಾಲಿಗೆಗೆ ಸಿಹಿ ತಗುಲಿದಾಗ ಮೆದುಳಿನಲ್ಲಿ ಡೋಪಮಿನ್ ಎಂಬ ಆಸೆ ಹುಟ್ಟಿಸುವ ರಾಸಾಯನಿಕ ಚಿಮ್ಮುತ್ತದೆ, ಇನ್ನೊಂದು ಬೇಕು ಅನ್ನಿಸುತ್ತದೆ. ಉಚಿತವಾಗಿ ಹಂಚುವವರಿಗೆ ಇದು ಗೊತ್ತಿಲ್ಲದೆಯೇ? ಹಲ್ಲಿನ ವಿಷಯ ಎತ್ತುವುದೇ ಇಲ್ಲ, ಅದಕ್ಕೆ ಇನ್ನೊಂದು ನಡಿಗೆ ಏರ್ಪಡಿಸಿಬಿಟ್ಟಾರು.

‘ಜೀರೋ ಶುಗರ್ ಕೂಡ ಇಟ್ಟಿದ್ದೆವಲ್ಲ’ ಎಂದು ಸಂಘಟಕರೊಬ್ಬರು ನನಗೇ ಪಾಠ ಹೇಳಿದರು. ತೂಕ ಇಳಿಸಲು ಕೃತಕ ಸಿಹಿಯನ್ನು ನೆಚ್ಚಿಕೊಳ್ಳಬೇಡಿ ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸದು, ನಿಜ. ಆದರೆ ಸಾಲಿನಲ್ಲಿ ನಿಂತಿದ್ದ ಮಕ್ಕಳಿಗೇನು ಮಧುಮೇಹವೇ? ಅಷ್ಟಕ್ಕೂ ಆ ಪೆಟ್ಟಿಗೆ ಲಾರಿಯೊಳಗೇ ಇತ್ತು, ಕೆಳಗಿಳಿದಿದ್ದನ್ನು ನಾನಂತೂ ಕಾಣೆ.

ಈ ಅಧಿಕಾರಿಗಳ ವೈಖರಿ ಹೊಸದೇನಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದ ಕುಡಿಯುವ ನೀರಿನ ಯಂತ್ರ ಕೆಟ್ಟು ಎಷ್ಟು ಕಾಲವಾಯಿತು? ‘ದುರಸ್ತಿಯಲ್ಲಿದೆ’ ಎಂಬ ಚೀಟಿಯೇ ಹಳದಿಯಾಗಿದೆ. ಅದರ ಪಕ್ಕದಲ್ಲಿ ಬಾಟಲಿ ಉದುರಿಸುವ ಯಂತ್ರ ಮಾತ್ರ ಹಗಲು ರಾತ್ರಿ ಮಿನುಗುತ್ತಿರುತ್ತದೆ, ಅದು ಕೆಟ್ಟ ದಾಖಲೆಯೇ ಇಲ್ಲ. ಹಿಂದಿನ ಕಣ್ಣಿನ ಶಿಬಿರಕ್ಕೆ ಟೇಪು ಕತ್ತರಿಸುವವರು ಬರುವ ತನಕ ವೃದ್ಧರನ್ನು ಬಿಸಿಲಲ್ಲಿ ಕೂರಿಸಿದವರೂ ಇವರೇ. ದೂರು ಪೆಟ್ಟಿಗೆಗೆ ಹಾಕಿದ ನನ್ನ ಪತ್ರ ಏನಾಯಿತೆಂದು ಕೇಳಿದರೆ, ಪೆಟ್ಟಿಗೆಯ ಕೀಲಿ ಕೈ ವರ್ಗವಾಗಿ ಹೋದ ಗುಮಾಸ್ತರ ಬಳಿ ಉಳಿದಿದೆಯಂತೆ!

ಬೇರೆಡೆಯವರು ಏನೋ ಒಂದು ಮಾಡಿದ್ದಾರೆ. ಮೆಕ್ಸಿಕೊ 2014ರಲ್ಲಿ ಇಂಥ ಪಾನೀಯಗಳ ಮೇಲೆ ತೆರಿಗೆ ಹಾಕಿತು, ಖರೀದಿ ಇಳಿಯಿತು. ಚಿಲಿಯಲ್ಲಿ 2016ರಿಂದ ಪೊಟ್ಟಣದ ಮುಂಭಾಗದಲ್ಲೇ ‘ಸಕ್ಕರೆ ಹೆಚ್ಚು’ ಎಂಬ ಕಪ್ಪು ಎಂಟುಮೂಲೆಯ ಮುದ್ರೆ. ಬ್ರಿಟನ್ ಸಕ್ಕರೆಯ ಪ್ರಮಾಣ ನೋಡಿ ತೆರಿಗೆ ಹಾಕುತ್ತೇವೆ ಎಂದದ್ದೇ ತಡ, 2018ರಲ್ಲಿ ಅದು ಜಾರಿಯಾಗುವ ಮೊದಲೇ ಅನೇಕ ತಯಾರಕರು ತಾವೇ ಸಕ್ಕರೆ ಕಡಿಮೆ ಮಾಡಿದರು. ನಮ್ಮವರು ಕಮಾನು ಕಟ್ಟಿಸಿಕೊಂಡರು, ಟೋಪಿ ಹಾಕಿಸಿಕೊಂಡರು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು. ಮುಂದಿನ ಸಲ ಇಂಥ ಪ್ರಾಯೋಜಕರನ್ನು ದೂರವಿಡಬೇಕು. ಇಲ್ಲವೇ ಬ್ಯಾನರಿನಿಂದ ‘ಜಾಗೃತಿ’ಯನ್ನು ತೆಗೆದು ‘ಮಧುಮೇಹ ನಡಿಗೆ’ ಎಂದಷ್ಟೇ ಬರೆಸಲಿ, ಆಗ ನಮ್ಮ ತಕರಾರಿಲ್ಲ. ಹಾಗೆಯೇ ಆಸ್ಪತ್ರೆಯ ನೀರಿನ ಯಂತ್ರವನ್ನೂ ದುರಸ್ತಿ ಮಾಡಿಸಲಿ, ಲಾರಿ ನಿಲ್ಲಿಸಲು ಬೇರೆ ಜಾಗ ಗುರುತಿಸಲಿ. ಇದ್ಯಾವುದೂ ಆಗದ ಮಾತಾದರೆ, ಕಚೇರಿಯಲ್ಲಿ ಫೋನ್ ರಿಂಗಣಿಸಿದಾಗಲಾದರೂ ಎತ್ತಲಿ. ಸಂಬಳ ಎಣಿಸುವುದಕ್ಕೆ ಮಾತ್ರ ಇರುವ ಕೈಗಳೇ ಅವು?

– ನೊಂದ ಓದುಗ