ಶಿಕಾರಿಪುರದ ಸಂಪುಟ ಅಚ್ಚಿಗೆ ಹೋಯಿತು, ಅಕ್ಕನಿಗೆ ಶರಣು

ಬಿ.ಎಸ್. ಯಡಿಯೂರಪ್ಪನವರ ಶಾಸಕ ಬದುಕಿನ ದಾಖಲೆ ಸಂಪುಟ ಅಂತೂ ಮುಗಿಯಿತು. ಕಲಾಪದ ಸಂಪುಟ ಹುಡುಕಿಕೊಟ್ಟ ಗ್ರಂಥಾಲಯದವರು, ಹಳೆ ಪತ್ರಿಕೆಗಳ ಕಟ್ಟು ಬಿಚ್ಚಿಕೊಟ್ಟ ಶಿಕಾರಿಪುರದ ಹಿರಿಯರು, ಸ್ಕ್ಯಾನ್ ಮಾಡಿದ ಹುಡುಗರು, ಹಣ ಹೊಂದಿಸಿದ ಗೆಳೆಯರು, ಎಲ್ಲರಿಗೂ ಕೈಮುಗಿದು ಧನ್ಯವಾದ.

ಉಳಿದ ಮಾತೆಲ್ಲ ಕರಡು ತಿದ್ದಿದ ಅಕ್ಕನಿಗೆ. ಕೊನೆಯ ರಾತ್ರಿ ಎಲ್ಲರೂ ಎದ್ದುಹೋದ ಮೇಲೂ ಕೂತವರು ಅವರೊಬ್ಬರೇ.

ಮೊದಲು ಅವರ ಕೆಂಪು ಪೆನ್ಸಿಲ್ ನಿಂತದ್ದು ಸೈಕಲ್ ಮೇಲೆ. 8ನೇ ತರಗತಿ ಮಕ್ಕಳಿಗೆ ಸೈಕಲ್, ಬಡ ಕುಟುಂಬದ ಹೆಣ್ಣುಮಕ್ಕಳ ಭಾಗ್ಯಲಕ್ಷ್ಮಿ ಯೋಜನೆ, ಎರಡೂ ಕರಡಿನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದ 2008ರ ಸರ್ಕಾರದ ಲೆಕ್ಕಕ್ಕೆ ಬಿದ್ದಿದ್ದವು. ಅವು ಬಂದದ್ದು 2006-07ರ ಬಜೆಟ್‌ನಲ್ಲಿ, ಸಮ್ಮಿಶ್ರ ಸರ್ಕಾರದ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಯಡಿಯೂರಪ್ಪನವರ ಕೈಯಲ್ಲಿದ್ದಾಗ. ಮುಖ್ಯಮಂತ್ರಿ ಯಾರೆಂದಷ್ಟೇ ನೋಡಿದರೆ ಈ ತಪ್ಪು ಆಗಿಯೇ ಆಗುತ್ತದೆ. ಬಜೆಟ್ ಮಂಡಿಸಿದವರು ಯಾರೆಂದು ನೋಡಬೇಕು.

ಆಮೇಲೆ 1999. ಶಿಕಾರಿಪುರದಿಂದ 1983, 1985, 1989, 1994ರಲ್ಲಿ ಗೆದ್ದವರು ಆ ವರ್ಷ ಸೋತರು, ಬಳಿಕ ಮೇಲ್ಮನೆಯಾದ ವಿಧಾನ ಪರಿಷತ್ತಿಗೆ ಹೋದರು. ಆ ಅವಧಿಯ ಭಾಷಣಗಳನ್ನು ವಿಧಾನಸಭೆಯ ಸಂಪುಟದಲ್ಲಿ ಎಷ್ಟು ತಡಕಿದರೂ ಸಿಗುವುದಿಲ್ಲ, ಪರಿಷತ್ತಿನ ಕಲಾಪ ತೆಗೆಯಬೇಕು. 2013ರ ಗೆಲುವಿನ ಎದುರು 'ಬಿಜೆಪಿ' ಹೊಡೆದುಹಾಕಿ 'ಕೆಜೆಪಿ' (ಆಗ ಅವರಿದ್ದ ಕರ್ನಾಟಕ ಜನತಾ ಪಕ್ಷ) ಎಂದು ಬರೆದವರೂ ಅಕ್ಕನೇ.

ಗೋಹತ್ಯೆ ನಿಷೇಧದ ಅಧ್ಯಾಯವನ್ನಂತೂ ಪೂರ್ತಿ ಹೊಸದಾಗಿ ಕಟ್ಟಿಸಿದರು. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2010ರ ಮಸೂದೆ ಕಾಯ್ದೆಯಾಗಲೇ ಇಲ್ಲ. 2020ರ ಕಾಯ್ದೆಯಲ್ಲಿ ಎತ್ತಿನ ಅವಕಾಶವೂ ಹೋಗಿ, 13 ದಾಟಿದ ಎಮ್ಮೆ ಕೋಣ ಮಾತ್ರ ಉಳಿದವು. ಮೂರನ್ನೂ ಒಂದೇ ಪ್ಯಾರಾದಲ್ಲಿ ತುರುಕಿದ್ದೆವು, ಓದಿದವರಿಗೆ ಏನು ಬದಲಾಯಿತೆಂದೇ ತಿಳಿಯುತ್ತಿರಲಿಲ್ಲ.

ಇನ್ನು ಹಾವೇರಿ. 2008ರ ಮೇ 30ಕ್ಕೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ, ಜೂನ್ 10ಕ್ಕೆ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್, ಇಬ್ಬರ ಸಾವು. ಈ ಪುಟ ಬೇಡವೆಂಬ ಮಾತು ನಮ್ಮೊಳಗೇ ಬಂತು. ದನಿ ಏರಿತು, ಕಣ್ಣೀರೂ ಬಂತು. ರೈತನಾಯಕ ಎಂದು ರಕ್ಷಾಪುಟದಲ್ಲಿ ಬರೆದವರು ಆ ಇಬ್ಬರು ರೈತರನ್ನು ಬಿಡುವುದು ಹೇಗೆ? ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಹಾಳೆಯನ್ನು ಎತ್ತಿ 2011ರ ಪ್ರತ್ಯೇಕ ಕೃಷಿ ಬಜೆಟ್ಟಿನ ಅಧ್ಯಾಯಕ್ಕೆ ಮುಂಚೆ ಇಟ್ಟರು, ಪುಟಸಂಖ್ಯೆ ಹಾಕಿದರು. ಅದು ಅಲ್ಲೇ ಇದೆ.

ಸಹಕಾರ ಸಂಘದ ಸಾಲಕ್ಕೆ ಶೇ. 1ರ ಬಡ್ಡಿ, ಹಾಲಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ, ಕೃಷಿಕರಲ್ಲದವರೂ ಜಮೀನು ಕೊಳ್ಳುವಂತೆ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಂ ತೆಗೆದ 2020ರ ತಿದ್ದುಪಡಿ, ಇವೂ ಅವರ ಕಣ್ಣು ಹಾಯ್ದೇ ಬಂದಿವೆ.

ಅಕ್ಕಾ, ಬೆಳಗಿನ ಜಾವ ನೀವು ಕಟ್ಟಿಟ್ಟ ದಾರದ ಗಂಟು ಬಿಚ್ಚದೆ ಕಟ್ಟನ್ನು ಹಾಗೇ ಮುದ್ರಣಕ್ಕೆ ಕೊಟ್ಟಿದ್ದೇವೆ.