ಮೂಟೆ ತರಿಸುವ ಮೊದಲು

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಚಾಕೊಲೇಟ್ ಮಾಡಲು ಪೆರುವಿನಿಂದ ಬಿಳಿ ಕೊಕ್ಕೊ ಬೀಜದ ಮೂಟೆ ತರಿಸುವ ಯೋಚನೆಯಲ್ಲಿದ್ದೀಯ ಅಂತ ನಿನ್ನಪ್ಪ ಫೋನ್ ಮಾಡಿದ್ದ. ಕ್ರಿಯೊಲ್ಲೊ, ಪೊರ್ಸೆಲಾನಾ ಅಂತ ಏನೇನೋ ತಳಿಯ ಹೆಸರು ಹೇಳಿದ, ಅರ್ಧ ತಪ್ಪಾಗಿ. ನಾನು ಬೇಡ ಅನ್ನುವುದಿಲ್ಲ. ಆದರೆ ಮೂಟೆಗೆ ದುಡ್ಡು ಕಟ್ಟುವ ಮೊದಲು ಎರಡು ಕಿಲೋ ಸ್ಯಾಂಪಲ್ ತರಿಸಿಕೋ. ಬೀಜ ಅಂದ ಮೇಲೆ ಆಮದು ಪರವಾನಗಿ, ಆ ದೇಶದವರು ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಬೇಕಾಗುತ್ತದೆ. ಸುಮ್ನೆ ಕೊರಿಯರ್‌ಗೆ ಹಾಕಿಸಬೇಡ.

ತಳಿಯ ಹೆಸರು ಕೇಳಿ ಮರುಳಾಗಬೇಡ. ವೆನೆಜುವೆಲಾದ ಚುವಾವೊ ಊರಿನ ಬೀಜಕ್ಕೆ ಎಷ್ಟು ಹೆಸರಿದೆ ನೋಡು. ಆ ಊರಿಗೆ ದೋಣಿಯಲ್ಲಿ ಹೋಗಬೇಕು, ಇಲ್ಲವೇ ಕಾಡು ಹತ್ತಿಳಿಯಬೇಕು. ಬೀಜ ಒಣಗಿಸುವುದು ಚರ್ಚಿನ ಮುಂದಿನ ಅಂಗಳದಲ್ಲಿ. ಅದರ ಬೆಲೆಯಲ್ಲಿ ಗಿಡದ ಪಾಲು ಎಷ್ಟಿದೆಯೋ, ಹುದುಗಿಸಿ ಒಣಗಿಸುವವರ ಪಾಲೂ ಅಷ್ಟೇ ಇದೆ ಅಂತ ನನ್ನ ಲೆಕ್ಕ. ಅದಕ್ಕೇ ಮಾರುವವನ ಹತ್ತಿರ ತಳಿಗಿಂತ ಮೊದಲು ಎಷ್ಟು ದಿನ ಹುದುಗಿಸಿದಿರಿ, ಎಲ್ಲಿ ಒಣಗಿಸಿದಿರಿ ಅಂತ ಕೇಳು. ಉತ್ತರ ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡು.

ಸ್ಯಾಂಪಲ್ ಬಂದ ಕೂಡಲೇ ಹುರಿಯುವ ಆತುರ ಬೇಡ. ಎಲ್ಲವನ್ನೂ ಹಾಳೆಯ ಮೇಲೆ ಸುರಿದು, ಬೆರೆಸಿ, ನಾಲ್ಕು ಪಾಲು ಮಾಡು. ಎದುರುಬದುರಿನ ಎರಡು ಪಾಲು ತೆಗೆದುಕೊಂಡು ಮತ್ತೆ ಬೆರೆಸು. ಹಾಗೆ ಮಾಡುತ್ತಾ ಹೋಗಿ ನೂರು ಬೀಜ ಎಣಿಸು. ಚೆಂದ ಕಂಡದ್ದನ್ನು ಆರಿಸಬಾರದು. ದೊಡ್ಡ ವ್ಯಾಪಾರದವರು 300 ಬೀಜ ಕತ್ತರಿಸಿ ನೋಡುತ್ತಾರೆ, ನಿನಗೆ 100 ಸಾಕು. ಒಂದೊಂದನ್ನೂ ಉದ್ದಕ್ಕೆ ಸೀಳಿ ಸಾಲಾಗಿ ಇಡು. ಒಳಗೆ ಕಂದು ಬಣ್ಣ, ತುಂಬ ಬಿರುಕು ಇದ್ದರೆ ಚೆನ್ನಾಗಿ ಹುದುಗಿದೆ. ಸ್ಲೇಟಿನ ಬಣ್ಣ, ರಬ್ಬರಿನ ಹಾಗೆ ಬಿಗಿ ಇದ್ದರೆ ಹುದುಗೇ ಇಲ್ಲ. ನೇರಳೆ ಉಳಿದಿದ್ದರೆ ಅರ್ಧಂಬರ್ಧ. ನೂರರಲ್ಲಿ ಮೂರಕ್ಕಿಂತ ಜಾಸ್ತಿ ಬೂಸ್ಟು ಹಿಡಿದದ್ದು ಸಿಕ್ಕರೆ ಅದು ಮೊದಲ ದರ್ಜೆಯ ಮಾಲೇ ಅಲ್ಲ.

ಈ ಬಣ್ಣದ ಲೆಕ್ಕವೆಲ್ಲ ಫೊರಾಸ್ಟೆರೊ ಅನ್ನುವ, ಒಳಗೆ ನೇರಳೆ ಇರುವ ಸಾಮಾನ್ಯ ತಳಿಯ ಬೀಜದ್ದು. ನಿನ್ನ ಬಿಳಿ ಬೀಜಕ್ಕೆ ಅದು ಪೂರ್ತಿ ಒಗ್ಗುವುದಿಲ್ಲ, ಇದನ್ನು ನೆನಪಿಡು. ಅದರಲ್ಲಿ ಮೊದಲಿನಿಂದಲೂ ನೇರಳೆ ಇರುವುದಿಲ್ಲ. ಹಾಗಾಗಿ ಹುದುಗದ ಬೀಜವನ್ನು ಸೀಳಿದರೂ ತಿಳಿಯಾಗಿಯೇ ಕಾಣಿಸಿ ಕಣ್ಣಿಗೆ ಮೋಸ ಮಾಡುತ್ತದೆ. ಅಲ್ಲಿ ಬಿರುಕು ನೋಡು, ಚೂರು ಅಗಿದು ನೋಡು. ನಾಲಗೆ ಒಗರಿನಿಂದ ಹಿಡಿದುಕೊಂಡರೆ ಹುದುಗಿದ್ದು ಸಾಲದು. ಬಣ್ಣದಿಂದ ಇನ್ನೊಂದು ಗುಟ್ಟೂ ಗೊತ್ತಾಗುತ್ತದೆ. ಬಿಳಿ ಬೀಜಕ್ಕೆ ಎರಡು ಮೂರು ದಿನದ ಹುದುಗು ಸಾಕು, ನೇರಳೆಯದಕ್ಕೆ ಐದಾರು ದಿನ ಬೇಕು. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಮೂರನೇ ದಿನ ತೆಗೆದರೆ ನೇರಳೆಯದು ನೇರಳೆಯಾಗಿಯೇ ಉಳಿಯುತ್ತದೆ. ‘ಶುದ್ಧ ಬಿಳಿ’ ಅಂತ ಮಾರಿದ ಚೀಲದಲ್ಲಿ ಅಂಥವು ಕಾಲುಭಾಗ ಸಿಕ್ಕರೆ ನೀನು ಬೆರಕೆಗೆ ಅಪರೂಪದ ಬೆಲೆ ಕೊಡುತ್ತಿದ್ದೀಯ.

ಆಮೇಲೆ ಮೂಗಿಗೆ ಕೆಲಸ. ವಿನೆಗರ್ ವಾಸನೆ ಇದ್ದರೆ ಹೆದರಬೇಡ, ಹುರಿದು ಅರೆಯುವಾಗ ಬಹಳಷ್ಟು ಹೋಗುತ್ತದೆ. ಹೊಗೆ ಮತ್ತು ಬೂಸ್ಟಿನ ವಾಸನೆ ಮಾತ್ರ ಏನು ಮಾಡಿದರೂ ಹೋಗುವುದಿಲ್ಲ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಕೊಕ್ಕೊ ಹೇಗಿರುತ್ತದೆ ಅಂತ ನಿನಗೇ ಗೊತ್ತಲ್ಲ.

ಹುರಿಯುವಾಗ ಎಲ್ಲ ಸ್ಯಾಂಪಲ್ಲಿಗೂ ಒಂದೇ ಹದ ಇರಲಿ. ಒಂದೊಂದರಿಂದ 200 ಗ್ರಾಂ ತೆಗೆದುಕೊಂಡು ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಹುರಿದು ನೋಡು. ಒಂದನ್ನು ಜಾಸ್ತಿ ಹುರಿದು ಇನ್ನೊಂದನ್ನು ಕಡಿಮೆ ಹುರಿದರೆ ನೀನು ಹೋಲಿಸುವುದು ಹುರಿತವನ್ನು, ಬೀಜವನ್ನಲ್ಲ. ಸಿಪ್ಪೆ ಹಾರಿಸಲು ಮೊರ ಸಾಕು. ಅಜ್ಜಿ ಕೇರುವುದು ಕಲಿಸಿದ್ದರು, ಮರೆತಿಲ್ಲ ತಾನೆ? ಅರೆಯಲು ಚಿಕ್ಕ ಕಲ್ಲಿನ ಗ್ರೈಂಡರ್ ಬೇರೆಯೇ ಇರಲಿ, ಮನೆಯಲ್ಲಿ ದೋಸೆ ಹಿಟ್ಟು ಅರೆಯುವ ಅದೇ ಗ್ರೈಂಡರ್ ಬೇಡ. ಅಮೆರಿಕದಲ್ಲಿ ಮನೆಯಲ್ಲೇ ಚಾಕೊಲೇಟ್ ಶುರು ಮಾಡಿದ ಎಷ್ಟೋ ಜನ ಕೊಯಮತ್ತೂರಿನ ಗ್ರೈಂಡರ್‌ನಲ್ಲೇ ಅರೆದವರು. ನಗು ಬರುತ್ತದೆ, ಅಲ್ವಾ?

ಸಕ್ಕರೆ ಹಾಕುವ ಮೊದಲು ಒಮ್ಮೆ, ನೂರಕ್ಕೆ ಮೂವತ್ತು ಸಕ್ಕರೆ ಹಾಕಿ ಇನ್ನೊಮ್ಮೆ ರುಚಿ ನೋಡು. ಸಾರು, ಕಾಫಿ ಆದ ಕೂಡಲೇ ಬೇಡ. ಬಟ್ಟಲುಗಳಿಗೆ ಬೇರೆ ಯಾರಾದರೂ ನಂಬರ್ ಹಾಕಲಿ. ಯಾವುದು ಯಾವುದು ಅಂತ ನಿನಗೆ ಗೊತ್ತಿರಬಾರದು. ಪೆರುವಿನದು ಅಂತ ಗೊತ್ತಾದರೆ ನಾಲಗೆ ಹೂವಿನ ಪರಿಮಳ ತಾನೇ ಹುಡುಕಿಕೊಳ್ಳುತ್ತದೆ.

ಆ ಸಾಲಿನಲ್ಲಿ ನಮ್ಮ ಕಡೆಯ ಬೀಜದ್ದೂ ಒಂದು ಬಟ್ಟಲು ಇರಲಿ. ದೊಡ್ಡಪ್ಪ ಪಕ್ಷಪಾತಿ ಅಂದುಕೊಂಡರೆ ಅಂದುಕೋ. ಪುತ್ತೂರಿನಲ್ಲಿ ನಮ್ಮ ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಬಂದದ್ದು 1986ರಲ್ಲಿ. ಹಸಿ ಬೀಜ ಮಾರಿದರೆ ನಮ್ಮ ಕೆಲಸ ಮುಗಿಯಿತು ಅನ್ನುವುದು ಇಲ್ಲಿ ರೂಢಿ, ಹುದುಗಿಸುವ ತಾಪತ್ರಯ ನಮಗಿಲ್ಲ. ಆದರೆ ಮರದ ಪೆಟ್ಟಿಗೆಯಲ್ಲಿ ಬಾಳೆಎಲೆ ಮುಚ್ಚಿ ಆರು ದಿನ ಇಟ್ಟು, ನಡುನಡುವೆ ತಿರುವಿ, ಬಿಸಿಲಲ್ಲಿ ಒಣಗಿಸಿದ ಇದೇ ಅಡಿಕೆ ತೋಟದ ಕೊಕ್ಕೊ ಬೀಜ ಬೇರೆಯೇ ರುಚಿ.

ಕೊನೆಯದಾಗಿ ವ್ಯವಹಾರದ ಮಾತು. ಸ್ಯಾಂಪಲ್ ಯಾವ ಲಾಟಿನದೋ ಮೂಟೆಯೂ ಅದೇ ಲಾಟಿನದು ಅಂತ ಬರೆಸಿಕೋ. ಸ್ಯಾಂಪಲ್ಲಿನಲ್ಲಿ ಅರ್ಧ ಕಿಲೋ ಮುಟ್ಟದೆ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡು. ಮೂಟೆ ಬಂದಾಗ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ಬೀಜ ತೆಗೆದು ಅದರ ಪಕ್ಕದಲ್ಲಿಟ್ಟು ಸೀಳು. ಬೇರೆ ಕಂಡರೆ ಬಾಕಿ ದುಡ್ಡು ಕೊಡುವ ಮೊದಲೇ ಫೋಟೊ ತೆಗೆದು ಕಳಿಸು.

ನಮ್ಮ ತೋಟದ ಬೀಜ ಎರಡು ಕಿಲೋ ಈ ವಾರ ಪುತ್ತೂರಿನ ಬಸ್ಸಿಗೆ ಹಾಕಿಸುತ್ತೇನೆ. ಅದನ್ನೂ ಸೀಳಿ ನೋಡು. ನೇರಳೆ ಎಷ್ಟು ಸಿಕ್ಕಿತು ಅಂತ ಮುಲಾಜಿಲ್ಲದೆ ಬರೆ.

ಇತಿ,
ನಿನ್ನ ದೊಡ್ಡಪ್ಪ