ವಿಮಾನ ಯಾವಾಗ ಎಂದು ಕೇಳಿದವಳು

ಕೋ ತಾವೊ, ಥಾಯ್ಲೆಂಡ್
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪ, ಅಮ್ಮ,

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ತುಂಡಾಯಿತು. ಬದಿಯಡ್ಕದ ಕಡೆ ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತದೆ, ಗೊತ್ತುಂಟು. ಅದಕ್ಕೇ ಈ ಕಾಗದ. ಮನೆಯಲ್ಲಿ ಮಾತಾಡುವ ಹವ್ಯಕ ಭಾಷೆಯಲ್ಲೇ ಬರೆಯೋಣ ಅಂದುಕೊಂಡೆ. ಎರಡು ಸಾಲು ಬರೆದು ಓದಿದರೆ ನನಗೇ ನಗು ಬಂತು. ಪೆನ್ನು ಹಿಡಿದರೆ ಕೈಗೆ ಶಾಲೆಯ ಕನ್ನಡವೇ ಬರುತ್ತದೆ, ಏನು ಮಾಡುವುದು!

ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿಗೆ ಇಳಿಯುವ ಡೈವಿಂಗ್ ಕೋರ್ಸ್ ಮುಗಿಯಿತು, ಇವತ್ತು ನನಗೆ ಪೂರ್ತಿ ಪುರುಸೊತ್ತು. ನಾಳೆ ಸಿಂಗಾಪುರಕ್ಕೆ ವಿಮಾನ. ಹೀಗೆ ದಿನದಿನವೂ ನೀರಿನಡಿಗೆ ಹೋದವರು ಕೊನೆಯ ಸಲ ಮೇಲೆ ಬಂದ ಮೇಲೆ ಕಡಿಮೆ ಅಂದರೂ 18 ಗಂಟೆ ವಿಮಾನ ಹತ್ತಬಾರದು. ಆಳದ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯೊಳಗೆ ಕರಗಿ ಕೂತಿರುತ್ತದೆ. ಪುರುಸೊತ್ತು ಕೊಟ್ಟರೆ ಉಸಿರಿನ ಜೊತೆ ಮೆಲ್ಲ ಹೊರಟುಹೋಗುತ್ತದೆ. ಅವಸರ ಮಾಡಿ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ ಕುಂಬಳೆ ಪೇಟೆಯಲ್ಲಿ ಸೋಡಾದ ಗೋಲಿ ಒತ್ತಿದ ಹಾಗೆ ಗುಳ್ಳೆ ಏಳುತ್ತದೆ, ರಕ್ತದೊಳಗೆ. ಹೆದರಬೇಡಿ. ಅದಕ್ಕೇ ತಾನೇ ಕೈಕಟ್ಟಿ ಕೂತಿದ್ದೇನೆ.

ಅಮ್ಮನ ಪ್ರಶ್ನೆ ಮೊದಲು ಮುಗಿಸುತ್ತೇನೆ. ಇಲ್ಲ, ಇಲ್ಲಿ ಮೊಸಳೆ ಇಲ್ಲ. ನಮ್ಮ ಅನಂತಪುರದ ಕೆರೆಯಲ್ಲಿದ್ದ ಬಬಿಯಾನ ಹಾಗೆ ನೈವೇದ್ಯ ತಿಂದು ಸುಮ್ನೆ ಇರುವ ಮೊಸಳೆಯೂ ಇಲ್ಲ. ಕೋ ಅಂದರೆ ದ್ವೀಪ, ತಾವೊ ಅಂದರೆ ಆಮೆ. ಒಂದು ಆಮೆ ನೋಡಿದೆ. ನನ್ನನ್ನು ಕಂಡರೂ ಕಾಣದ ಹಾಗೆ ಹುಲ್ಲು ಮೇಯುವ ದನದಂತೆ ತನ್ನ ಪಾಡಿಗೆ ಬಂಡೆ ಕೆರೆದು ತಿನ್ನುತ್ತಿತ್ತು. ಊಟದ ಕಥೆ ಬೇಡ. ಅನ್ನ ಇದೆ, ಹಣ್ಣು ಇದೆ, ಮೀನಿನ ಸಾಸ್ ಬಿಟ್ಟು ಮಾಡಿ ಅಂದರೆ ಮಾಡಿಕೊಡುತ್ತಾರೆ.

ಅಪ್ಪ ಕೇಳಿದ ಪ್ರಶ್ನೆಗೆ ಮಾತ್ರ ಉದ್ದದ ಉತ್ತರ ಬೇಕು. “ಗುರುತಿಲ್ಲದ ಊರು, ಗುರುತಿಲ್ಲದ ಜನ. ಯಾರನ್ನು ನಂಬಿ ನೀರಿಗೆ ಇಳಿದೆ?” ಅಂತ ಕೇಳಿದಿರಿ. ಫೋನ್ ತುಂಡಾದದ್ದು ಸರಿ ಅಲ್ಲೇ.

ದ್ವೀಪ ಸಣ್ಣದು, 21 ಚದರ ಕಿಲೋಮೀಟರ್. ಹಿಂದೆ 1940ರ ದಶಕದಲ್ಲಿ ಸರ್ಕಾರ ಇಲ್ಲಿ ರಾಜಕೀಯ ಕೈದಿಗಳನ್ನು ತಂದಿಡುತ್ತಿತ್ತಂತೆ, ನಮ್ಮ ಅಂಡಮಾನಿನ ಹಾಗೆ. ಈಗ ಮಾತ್ರ ಹೆಜ್ಜೆಗೊಂದು ಡೈವಿಂಗ್ ಅಂಗಡಿ. ಮೇ ಹಾದ್ ಜೆಟ್ಟಿಯಲ್ಲಿ ಬೋಟಿನಿಂದ ಇಳಿದರೆ ಸಾಕು, ಬೋರ್ಡು ಹಿಡಿದವರು ಮುತ್ತಿಕೊಳ್ಳುತ್ತಾರೆ. ಎಲ್ಲರದ್ದೂ ಒಂದೇ ಮಾತು: ಮೂರೂವರೆ ದಿನದ ಕೋರ್ಸ್, ಸಮುದ್ರದಲ್ಲಿ 4 ಮುಳುಗು, 18 ಮೀಟರ್ ಆಳ, ಕೊನೆಗೆ ಕಾರ್ಡ್. ಕಾರ್ಡ್ ಕೊಡುವ ಸಂಸ್ಥೆಗಳಲ್ಲಿ ಇಲ್ಲಿ ಹೆಚ್ಚಾಗಿ ಕೇಳುವುದು ಎರಡು ಹೆಸರು, ಪ್ಯಾಡಿ ಮತ್ತು ಎಸ್‌ಎಸ್‌ಐ. ಎರಡೂ ಎಲ್ಲ ಕಡೆ ನಡೆಯುತ್ತವೆ. ಯಾವುದು ಒಳ್ಳೆಯದು ಅಂತ ನಾನು ಸಿಂಗಾಪುರದಲ್ಲಿ ಕೂತು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ದಂಡ. ಸಂಸ್ಥೆ ಪಾಠ ಬರೆದುಕೊಡುತ್ತದೆ ಅಷ್ಟೇ. ಪಾಠ ಮಾಡುವವನು ಬೇರೆ, ಸಿಲಿಂಡರ್ ತುಂಬಿಸುವವನು ಬೇರೆ.

ಮೊದಲು ಹೋದದ್ದು ಜೆಟ್ಟಿ ಹತ್ತಿರದ ಒಂದು ದೊಡ್ಡ ಅಂಗಡಿಗೆ. 9,000 ಬಾತ್, ಜೊತೆಗೆ ರೂಮು ಫ್ರೀ. ಒಂದು ಬಾತ್ ಅಂದರೆ ನಮ್ಮ ಎರಡೂವರೆ ರೂಪಾಯಿಗಿಂತ ಜಾಸ್ತಿ. ಕಡಿಮೆ ಕ್ರಯ ಕಂಡರೆ ನಾನು ಬಿಡುತ್ತೇನೆಯೇ? ಸಾವಿರ ಬಾತ್ ಮುಂಗಡ ಕೊಟ್ಟೆ.

ಆಮೇಲೆ ಆರೋಗ್ಯದ ಫಾರ್ಮ್ ಬಂತು. ಉಬ್ಬಸ ಇದೆಯೇ, ಹಿಂದೆ ಇತ್ತೇ ಅಂತ ಒಂದು ಪ್ರಶ್ನೆ. ಅಮ್ಮ, ನಿಮಗೆ ನೆನಪಿರಬಹುದು, ನಾಲ್ಕನೇ ಕ್ಲಾಸಿನವರೆಗೂ ಮಳೆಗಾಲ ಪೂರ್ತಿ ನನ್ನ ಎದೆ ಕೊಳಲಿನ ಹಾಗೆ ಕುಂಯ್ ಅನ್ನುತ್ತಿತ್ತು. ‘ಇತ್ತು’ ಅಂತ ಬರೆದೆ. ಮೇಜಿನ ಹಿಂದಿದ್ದ ಹುಡುಗ ಫಾರ್ಮ್ ತಿರುಗಿಸಿ ನೋಡಿ, ಹೊಸ ಫಾರ್ಮ್ ಕೊಟ್ಟು, “ಎಲ್ಲದಕ್ಕೂ ಇಲ್ಲ ಅಂತ ಬರೆಯಿರಿ, ಇಲ್ಲದಿದ್ದರೆ ಡಾಕ್ಟರ ಸಹಿ ಬೇಕಾಗುತ್ತದೆ, ಸುಮ್ನೆ ಟೈಮ್ ವೇಸ್ಟ್” ಅಂದ. ನಗುತ್ತಾ ಅಂದ. ಕೆಟ್ಟವನೇನಲ್ಲ, ದಿನಕ್ಕೆ ನೂರು ಫಾರ್ಮ್ ನೋಡಿ ನೋಡಿ ಅವನಿಗೆ ಅದು ಬರೀ ಕಾಗದ ಆಗಿಬಿಟ್ಟಿದೆ. ನನಗೆ ಅದು ಶ್ವಾಸಕೋಶ. ಒಳಗೆ ಸಿಕ್ಕಿಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ. 10 ಮೀಟರ್ ಆಳದಲ್ಲಿ ಒಂದು ಲೀಟರ್ ಇದ್ದದ್ದು ಮೇಲೆ ಬಂದಾಗ ಎರಡು ಲೀಟರ್. ಅದಕ್ಕೇ ನೀರಿನಡಿ ಉಸಿರು ಕಟ್ಟಬಾರದು ಅನ್ನುವುದು ಇಲ್ಲಿಯ ಮೊದಲ ಪಾಠ. ಉಬ್ಬಸದವರಿಗೆ ತಾವು ಕಟ್ಟದೆಯೂ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು.

ಅದರ ಮೇಲೂ ನಾನು ಪೆದ್ದಿಯ ಹಾಗೆ ಮಧ್ಯಾಹ್ನ ಅವರ ಈಜುಕೊಳಕ್ಕೆ ಹೋದೆ. ಒಬ್ಬ ಗುರುವಿಗೆ ಎಂಟು ಮಂದಿ ಶಿಷ್ಯರು. ಎಂಟು ನಿಯಮದ ಒಳಗೇ ಇದೆ, ತಪ್ಪಲ್ಲ. ಆದರೆ ಅವನು ಒಬ್ಬಳ ಕನ್ನಡಕದ ನೀರು ತೆಗೆಸುವಾಗ ಉಳಿದ ಏಳು ಮಂದಿ ಹಿಂದೆ ತೇಲುತ್ತಿದ್ದೆವು. ನನ್ನ ಬಾಯಿಗೆ ಕೊಟ್ಟ ರಬ್ಬರು ಹರಿದಿತ್ತು. ಗಾಳಿಗೆ ಎಣ್ಣೆಯ ವಾಸನೆ. ಉಸಿರಾಡುವ ಗಾಳಿಗೆ ವಾಸನೆಯೇ ಇರಬಾರದು ಅಪ್ಪ. ಇದ್ದರೆ ತುಂಬಿಸುವ ಕಂಪ್ರೆಸರಿನಲ್ಲೋ ಫಿಲ್ಟರಿನಲ್ಲೋ ಏನೋ ಸರಿಯಿಲ್ಲ ಅಂತ ಲೆಕ್ಕ. ಹೇಳಿದರೆ, “ಹೊಸಬರಿಗೆಲ್ಲ ಹಾಗೇ ಅನಿಸುತ್ತದೆ” ಅಂದರು.

ಆಗ ನೆನಪಾದದ್ದು ನಮ್ಮ ನೀರಿನ ಸುರಂಗ ತೋಡಲು ಬಂದ ಅಜ್ಜ. ನಾನು ಎರಡನೆಯೋ ಮೂರನೆಯೋ ಕ್ಲಾಸು. ಗುಡ್ಡದ ಮುರಕಲ್ಲು ಕೊರೆದುಕೊಂಡು ಒಬ್ಬ ಹಿಡಿಸುವಷ್ಟೇ ಅಗಲದಲ್ಲಿ ಒಳಗೆ ಹೋಗುತ್ತಿದ್ದರು. ಜೊತೆಗೆ ಒಂದು ಮೇಣದಬತ್ತಿ, ಒಳಗೆ ಉಸಿರಾಡುವಷ್ಟು ಗಾಳಿ ಇದೆಯೇ ಅಂತ ನೋಡಲಿಕ್ಕೆ. ಒಂದು ದಿನ ಬತ್ತಿ ಸಣ್ಣಗಾಯಿತು ಅಂತ ಅಷ್ಟೇ, ಅಜ್ಜ ಹಿಂದೆ ಹಿಂದೆ ನಡೆದು ಹೊರಗೆ ಬಂದರು. ಆ ದಿನ ಮತ್ತೆ ಹೋಗಲೇ ಇಲ್ಲ. ನೀವು ಪೂರ್ತಿ ಕೂಲಿ ಕೊಟ್ಟಿರಿ. ಅಮ್ಮ ಒಳಗಿನಿಂದ ಗೊಣಗಿದ್ದೂ ನೆನಪಿದೆ (ಅಮ್ಮ, ಇಲ್ಲ ಅನ್ನಬೇಡಿ).

ಮುಂಗಡದ ಸಾವಿರ ಬಾತ್ ಬಿಟ್ಟು ಎದ್ದು ಬಂದೆ. ವಾಪಸ್ ಕೇಳಿದೆ, ಕೊಡಲಿಲ್ಲ.

ಎರಡನೆಯ ಅಂಗಡಿ ಸೈರೀ ಬೀಚಿನಲ್ಲಿ. ಅದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. 14,500 ಬಾತ್. ಎಸಿ ಕೋಣೆ, ಸ್ವಂತ ಈಜುಕೊಳ, ಹೊಚ್ಚಹೊಸ ಸಾಮಾನು. ಕುಂದು ಹುಡುಕಿದರೂ ಸಿಗಲಿಲ್ಲ. ಆದರೆ ನಾನು ಕೇಳಿದ್ದು ನನ್ನ ಗುರು ಯಾರು ಅಂತ, ಅವರು ತೋರಿಸಿದ್ದು ಕ್ಯಾಮರಾ. ಮತ್ತೆ ಕೇಳಿದೆ. ಮುಂದಿನ ಕೋರ್ಸಿಗೆ ಈಗಲೇ ಸೇರಿದರೆ ರಿಯಾಯಿತಿ ಅಂದರು. ಮಂಗಳೂರಿನ ದೊಡ್ಡ ಸೀರೆ ಅಂಗಡಿಗೆ ರವಿಕೆ ಕಣ ಕೇಳಲು ಹೋದ ಹಾಗಾಯಿತು.

ಮೂರನೆಯದು ದಕ್ಷಿಣದ ಚಲೋಕ್ ಬಾನ್ ಕಾವೊ ಕಡೆ, ತೆಂಗಿನ ಮರಗಳ ನಡುವೆ ತಗಡಿನ ಮಾಡು. ಒಳಗೆ ಹೋದರೆ ಮೇಜಿನಲ್ಲಿ ನಡುವಯಸ್ಸಿನ ಒಬ್ಬಳು ಥಾಯ್ ಹೆಂಗಸು. ದುಡ್ಡಿನ ಮಾತೇ ಇಲ್ಲ. “ನಿನ್ನ ವಿಮಾನ ಯಾವಾಗ?” ಅಂತ ಕೇಳಿದಳು. ಸೋಮವಾರ ಅಂದೆ. ಬೆರಳಿನಲ್ಲಿ ದಿನ ಎಣಿಸಿ, “ಹಾಗಾದರೆ ಶನಿವಾರ ಸಂಜೆಯೊಳಗೆ ಕೊನೆಯ ಮುಳುಗು. ಭಾನುವಾರ ಹಣ ಕೊಟ್ಟರೂ ಕರೆದುಕೊಂಡು ಹೋಗುವುದಿಲ್ಲ” ಅಂದಳು. ಅವಳ ಮುಖ ನೋಡಿ ನನಗೆ ದೊಡ್ಡತ್ತೆಯ ನೆನಪಾಯಿತು.

ಉಬ್ಬಸದ ವಿಷಯ ಹೇಳಿದೆ. ಫಾರ್ಮ್ ಬದಲಿಸಲಿಲ್ಲ. ದ್ವೀಪದಲ್ಲೇ ಇರುವ ಕ್ಲಿನಿಕ್ಕಿಗೆ ಕಳಿಸಿದಳು. ಡಾಕ್ಟರ್ ಎದೆಗೆ ಕೊಳವೆ ಇಟ್ಟು ಕೇಳಿದರು, ಒಂದು ನಳಿಗೆಗೆ ಮೂರು ಸಲ ಜೋರಾಗಿ ಊದಿಸಿದರು, ಕೊನೆಯ ಸಲ ಮದ್ದು ತಗೊಂಡದ್ದು ಯಾವಾಗ, ಓಡಿದರೆ ದಮ್ಮು ಕಟ್ಟುತ್ತದೆಯೇ ಅಂತೆಲ್ಲ ಕೇಳಿದರು. ಆಮೇಲೇ ಸಹಿ. ಅರ್ಧ ದಿನ ಹೋಯಿತು. ಆ ಅರ್ಧ ದಿನದ ನಂತರ ನನಗೂ ಹೆದರಿಕೆ ಬಿಟ್ಟಿತು, ನಿಮಗೂ ಬಿಡಲಿ.

ಅಷ್ಟರಲ್ಲಿ ನಾನು ಅವರ ಹಿತ್ತಲು ನೋಡಿದ್ದೆ. ನೀವು ಹೊಸ ಆಳು ಬಂದರೆ ಮಾತು ಕೇಳದೆ ಅವನ ಮರ ಹತ್ತುವ ತಳೆ, ಹಗ್ಗ ನೋಡುತ್ತೀರಲ್ಲ, ಹಾಗೆ. ಉಪ್ಪುನೀರಿನಿಂದ ಬಂದ ಸಾಮಾನು ತೊಳೆಯಲು ಎರಡು ತೊಟ್ಟಿ. ಒಂದರಲ್ಲಿ ಬಾಯಿಗೆ ಇಡುವಂಥದ್ದು, ಇನ್ನೊಂದರಲ್ಲಿ ಮೈಗೆ ಹಾಕುವ ರಬ್ಬರ್ ಬಟ್ಟೆ. ಒಣಗಲು ಹಾಕಿದ್ದು ನೆರಳಿನಲ್ಲಿ. ಗಾಳಿ ಎಳೆಯುವ ಕೊಳವೆ ಜನರೇಟರಿನ ಹೊಗೆಯಿಂದ ದೂರ, ಮಾಡಿಗಿಂತ ಮೇಲೆ. ಸಿಲಿಂಡರ್ ಕುತ್ತಿಗೆಯಲ್ಲಿ ಪರೀಕ್ಷೆಯಾದ ತಿಂಗಳು, ವರ್ಷ ಕೊರೆದಿರುತ್ತದೆ. ಅಮ್ಮ ಗ್ಯಾಸ್ ಸಿಲಿಂಡರ್ ಬಂದ ಕೂಡಲೇ ಬಗ್ಗಿ ಅಕ್ಷರ ಓದುವ ಹಾಗೆ ನಾನೂ ಬಗ್ಗಿ ಓದಿದೆ. ಅಂದ ಹಾಗೆ ಅದರಲ್ಲಿ ಇರುವುದು ಆಕ್ಸಿಜನ್ ಅಲ್ಲ. ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿಸಿದ್ದು. ತಮ್ಮನಿಗೂ ಹೇಳಿ, ಅವನು ಊರೆಲ್ಲ ಅಕ್ಕ ಆಕ್ಸಿಜನ್ ಹಾಕಿಕೊಂಡಿದ್ದಾಳೆ ಅಂತ ಸುದ್ದಿ ಮಾಡಿದ್ದಾನಂತೆ. ಆಕ್ಸಿಜನ್ ಬಾಟಲಿ ಬೋಟಿನಲ್ಲಿ ಬೇರೆ ಇತ್ತು, ಹಸಿರು ಪೆಟ್ಟಿಗೆಯಲ್ಲಿ. ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಕೊಡಲಿಕ್ಕೆ. ತೋರಿಸಿ ಅಂದೆ, ತೆರೆದು ತೋರಿಸಿದರು. 11,000 ಬಾತ್, ಒಬ್ಬ ಗುರುವಿಗೆ ನಾಲ್ಕು ಮಂದಿ. ಸೇರಿದೆ.

ಮೊದಲ ದಿನ 3 ಮೀಟರಿನಲ್ಲೇ ಕಿವಿ ಸಿಡಿಯುವಷ್ಟು ನೋಯಿತು. ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅದರ ಹತ್ತರಷ್ಟು. ಮೂಗು ಹಿಡಿದು ಮೆಲ್ಲ ಊದಬೇಕು, ನೋವು ಬರುವ ಮೊದಲೇ. ನನಗೆ ಬರಲಿಲ್ಲ. ಗುರು ನನ್ನನ್ನು ಒಂದು ಮೀಟರ್ ಮೇಲೆ ಕರೆದುಕೊಂಡು ಹೋಗಿ ಸುಮ್ಮನೆ ಕಾದ. ಇಟಲಿಯ ಹುಡುಗ, ಮೇಲೆ ಬಾಯಿ ಮುಚ್ಚುವುದೇ ಇಲ್ಲ, ಕೆಳಗೆ ಅಷ್ಟು ತಾಳ್ಮೆ. ಉಳಿದ ಮೂವರೂ ಹಗ್ಗ ಹಿಡಿದು ಕಾದರು. ಎಂಟು ಮಂದಿ ಇದ್ದಿದ್ದರೆ ಕಾಯುತ್ತಿದ್ದರೇ? ಕಿವಿ ಟಪ್ ಅಂತ ಬಿಟ್ಟಿತು. ಆಮೇಲೆ ಕೆಳಗೆ ಕೇಳುವುದು ನನ್ನ ಉಸಿರು ಮಾತ್ರ.

ಅಮ್ಮ ಕಟ್ಟಿದ ಮಧೂರಿನ ಕೆಂಪು ನೂಲು ಕೈಯಲ್ಲೇ ಇತ್ತು. 15 ಮೀಟರಿಗೆ ಹೋಗುವಷ್ಟರಲ್ಲಿ ಅದು ಕೆಸರಿನ ಬಣ್ಣವಾಯಿತು. ಬಣ್ಣ ಬಿಟ್ಟಿತು ಅಂತ ಬೇಜಾರಾಯಿತು. ಬಿಟ್ಟದ್ದಲ್ಲ, ನೀರು ಮೊದಲು ನುಂಗುವ ಬಣ್ಣವೇ ಕೆಂಪು. ಗುರು ಟಾರ್ಚ್ ಹಾಕಿದ. ಮತ್ತೆ ರಕ್ತದಂಥ ಕೆಂಪು! ಅದೇ ಟಾರ್ಚಿನ ಬೆಳಕಿನಲ್ಲಿ ಬಂಡೆಯೂ ಬಣ್ಣ ಬಣ್ಣವಾಯಿತು.

ಟ್ರಿಗರ್ ಫಿಶ್ ಅಂತ ಒಂದು ದೊಡ್ಡ ಮೀನು, ಕಾವಿಗೆ ಕೂತ ಹೇಂಟೆಯ ಹಾಗೆ ಗೂಡು ಕಾಯುತ್ತದೆ. ಹತ್ತಿರ ಹೋದರೆ ಕಚ್ಚಲು ಬರುತ್ತದೆ. ಅದರ ಜಾಗ ಮೇಲಕ್ಕೆ ಹೋದಷ್ಟೂ ಅಗಲ, ಆಲಿಕೆಯ ಹಾಗೆ. ಅದಕ್ಕೇ ಮೇಲೆ ಓಡಬಾರದು, ಅಡ್ಡ ಈಜಿ ತಪ್ಪಿಸಿಕೊಳ್ಳಬೇಕು. ನಮ್ಮನ್ನು ಒಂದು ಅಟ್ಟಿಸಿಕೊಂಡು ಬಂತು. ಅಮ್ಮ, ಕಚ್ಚಲಿಲ್ಲ.

ಶುಕ್ರವಾರ ಚುಂಫೋನ್ ಪಿನ್ನಕಲ್‌ಗೆ ಹೋಗುವುದಿತ್ತು. ಸಮುದ್ರದ ನಡುವೆ ಮುಳುಗಿದ ಗುಡ್ಡ ಅದು, ತುದಿಯೇ ಸುಮಾರು 14 ಮೀಟರ್ ಆಳದಲ್ಲಿದೆ. ಎಲ್ಲರಿಗೂ ಅದೇ ಆಸೆ. ಬೋಟು ನಿಂತ ಮೇಲೆ ಗುರು ಮೊದಲು ತಾನೊಬ್ಬನೇ ಹಾರಿ ಸೆಳೆತ ನೋಡಿದ. ಮೇಲೆ ಬಂದು ತಲೆ ಆಡಿಸಿದ. ಪಕ್ಕದ ಬೋಟಿನವರು ಇಳಿಯುತ್ತಿದ್ದರು. ನಮ್ಮ ಬೋಟಿನಲ್ಲಿ ಒಂದಿಬ್ಬರು ಗಲಾಟೆ ಮಾಡಿದರು, ದುಡ್ಡು ಕೊಟ್ಟಿದ್ದೇವೆ ಅಂತ. ಬೋಟು ತಿರುಗಿಸಿ ಗಾಳಿಮರೆಯ ವೈಟ್ ರಾಕ್‌ಗೆ ಬಂದೆವು. ಒದ್ದೆ ಮರ ಅಂತ ನಮ್ಮ ಅಡಿಕೆ ತೋಟದಲ್ಲಿ ಮದ್ದು ಬಿಡುವವನು ಹತ್ತದೆ ಕೂತರೆ ನೀವು ಎರಡನೇ ಮಾತು ಆಡುವುದಿಲ್ಲ. ನಾನೂ ಆಡಲಿಲ್ಲ. ಆದರೆ ಆ ಗುಡ್ಡ ನೋಡಲಿಲ್ಲ ಅಂತ ಹೊಟ್ಟೆ ಉರಿದದ್ದು ನಿಜ.

ತಮ್ಮ ಬರುತ್ತೇನೆ ಅನ್ನುತ್ತಿದ್ದಾನೆ. ಬರಲಿ. ಆದರೆ ನವೆಂಬರಿನಲ್ಲಿ ಬೇಡ. ನಮಗೆ ಈಗ ಮಳೆ, ಇಲ್ಲಿ ಬಿಸಿಲು. ಇಲ್ಲಿಯ ಜೋರು ಮಳೆ ನಮಗೆ ಮಳೆ ಬಿಟ್ಟ ಮೇಲೆ. ಇಲ್ಲಿಗೆ ಬರುವ ಮೊದಲು ಅವನು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದು ಸಲ ಮುಳುಗಿ ನೋಡಲಿ, ಮಳೆಗಾಲ ಮುಗಿದ ಮೇಲೆ ಅಲ್ಲಿ ಡೈವಿಂಗ್ ಶುರುವಾಗುತ್ತದೆ. ಕಿವಿಗೆ ಹಿಡಿಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅವನಿಗೆ ಶೀತ ಜಾಸ್ತಿ, ಪುತ್ತೂರಿನ ಕಿವಿ ಡಾಕ್ಟರಿಗೆ ಮೊದಲು ತೋರಿಸಲಿ. ಫಾರ್ಮಿನಲ್ಲಿ ಸುಳ್ಳು ಬರೆದರೆ ನಾನು ಇಲ್ಲಿಂದಲೇ ಬಂದು ಕಿವಿ ಹಿಂಡುತ್ತೇನೆ ಅಂತ ಹೇಳಿ.

ಎರಡನೇ ಮದ್ದು ಬಿಟ್ಟಾಯಿತೇ? ಈ ಸಲ ಕೊಳೆರೋಗ ಹೇಗಿದೆ? ಸುರಂಗದ ನೀರು ಕೆಂಪಾಗಿ ಬರುತ್ತಿದೆ ಅಂದಿದ್ದಿರಿ, ತಿಳಿಯಾಯಿತೇ? ಹೊರಗೆ ಮೋಡ ಬಂತು, ಬಿಸಿಲು ಅಂತ ಬರೆದದ್ದೇ ತಪ್ಪಾಯಿತು. ಬಟ್ಟೆ ತೆಗೆಯಬೇಕು. ಸಿಂಗಾಪುರ ಮುಟ್ಟಿದ ಮೇಲೆ ಫೋನ್ ಮಾಡುತ್ತೇನೆ, ಟವರ್ ಇದ್ದರೆ ಎತ್ತಿ.

ನಿಮ್ಮ
ಮಗಳು